ವಾಡಿ ಜಂಕ್ಷನ್: ಹಳಿ ಬಂದ ಊರು, ಬಾರದ ಊರುಗಳು

ಮುಂಬೈಗೆ ದುಡಿಯಲು ಹೊರಟ ಜೇವರ್ಗಿಯ ಕೂಲಿಕಾರ ಮೊದಲು ಬಸ್ಸು ಹತ್ತಬೇಕು. ಭೀಮಾ ನದಿಯ ಸೇತುವೆ ದಾಟಿ, ಸುಮಾರು 40 ಕಿಲೋಮೀಟರು ಸಾಗಿ ಕಲಬುರಗಿಯ ಟೇಷನ್ನಿಗೆ ಬಂದ ಮೇಲೆಯೇ ಅವನಿಗೆ ರೈಲಿನ ಮುಖ ಕಾಣುವುದು. ಆಳಂದದವನ ಪಾಡೂ ಅಷ್ಟೇ. ಅಫಜಲಪುರದವನಿಗೂ ಊರಲ್ಲಿ ಟೇಷನ್ ಇಲ್ಲ. ಆದರೆ ಇದೇ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ವಾಡಿಯಲ್ಲಿ ಹಳಿಗಳು ಕವಲೊಡೆದು ಒಂದೂವರೆ ಶತಮಾನ ಕಳೆದಿದೆ. ಮುಂಬೈ, ಹೈದರಾಬಾದು, ಮದರಾಸು ಮೂರೂ ದಿಕ್ಕಿನ ಬಂಡಿಗಳು ಅಲ್ಲಿ ಕೂಡುತ್ತವೆ. ಪಕ್ಕದ ತಾಲ್ಲೂಕು ಕೇಂದ್ರಗಳಿಗೆ ದೊರೆಯದ ರೈಲು ವಾಡಿಗೆ ದೊರೆತದ್ದು ಹೇಗೆ? ಉತ್ತರ ಹುಡುಕಿ ಹೊರಟರೆ ಈ ಭಾಗದ ಇತಿಹಾಸವೇ ಬಿಚ್ಚಿಕೊಳ್ಳುತ್ತದೆ.

ಎರಡು ಸಮುದ್ರಗಳ ನಡುವಿನ ದಾರಿ

ಭಾರತದ ಮೊದಲ ಪ್ರಯಾಣಿಕರ ರೈಲು ಮುಂಬೈಯಿಂದ ಠಾಣೆಗೆ ಓಡಿದ್ದು 1853ರ ಏಪ್ರಿಲ್ 16ರಂದು. ಅದನ್ನು ಓಡಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿ, ಅಂದರೆ ಜಿ.ಐ.ಪಿ., ಆಗ್ನೇಯ ದಿಕ್ಕಿಗೂ ಹಳಿ ಹಾಸುತ್ತ ಬಂತು. 1860ರಲ್ಲಿ ಹಳಿ ಸೊಲ್ಲಾಪುರ ಮುಟ್ಟಿತು. 1863ರಲ್ಲಿ ಭೋರ್ ಘಾಟಿನ ಕಷ್ಟದ ಏರು ಮುಗಿದು ಮುಂಬೈಗೆ ನೇರ ಸಂಪರ್ಕ ಸಿಕ್ಕಿತು. ಇತ್ತ ಮದರಾಸಿನಿಂದ ಇನ್ನೊಂದು ಕಂಪನಿ ಹಳಿ ಹಾಸುತ್ತ ಬರುತ್ತಿತ್ತು. 1871ರಲ್ಲಿ ಎರಡೂ ರಾಯಚೂರಿನಲ್ಲಿ ಕೂಡಿದವು. ಅರಬ್ಬೀ ಸಮುದ್ರದ ಬಂದರಿಗೂ ಬಂಗಾಳ ಕೊಲ್ಲಿಯ ಬಂದರಿಗೂ ಕಬ್ಬಿಣದ ಗಂಟು ಬಿತ್ತು.

ಈ ಹಳಿಯ ಗುರಿ ಎರಡು ಮಹಾನಗರಗಳನ್ನು ಬೆಸೆಯುವುದಾಗಿತ್ತೇ ಹೊರತು ನಡುವಿನ ಊರುಗಳನ್ನು ಮುಟ್ಟುವುದಲ್ಲ. ಸೊಲ್ಲಾಪುರದಿಂದ ವಾಡಿಯವರೆಗೆ ಅದು ಭೀಮೆಯ ಎಡದಂಡೆಯ ಕಡೆಯೇ ಉಳಿಯುತ್ತದೆ. ಆ ಹರವಾದ ನದಿಗೆ ಇಲ್ಲಿ ಸೇತುವೆ ಕಟ್ಟುವ ಖರ್ಚು ಕಂಪನಿಗೆ ಬೀಳಲಿಲ್ಲ. ನದಿಯ ಬಲದಂಡೆಯ ಜೇವರ್ಗಿ ಹೀಗೆ ಹೊರಗುಳಿಯಿತು. ಆಳಂದ ಹಳಿಯ ಉತ್ತರಕ್ಕೆ, ಅಫಜಲಪುರ ದಕ್ಷಿಣಕ್ಕೆ ಉಳಿದವು. ಎರಡೂ ಪಟ್ಟಣಗಳ ನಡುವೆ ಹಾದುಹೋದ ರೈಲು ಎರಡನ್ನೂ ಮುಟ್ಟಲಿಲ್ಲ.

ನಿಜಾಮರ ಕವಲು

ಆಗ ಈ ಸೀಮೆಯೆಲ್ಲ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ವಿಚಿತ್ರವೆಂದರೆ, ಅವರ ಸೀಮೆಯಲ್ಲೇ ಹಾದ ಹೆದ್ದಳಿ ಅವರ ರಾಜಧಾನಿಯನ್ನು ದೂರವೇ ಬಿಟ್ಟಿತ್ತು. ಸಿಕಂದರಾಬಾದಿನಲ್ಲಿ ದೊಡ್ಡ ದಂಡು ಇರಿಸಿದ್ದ ಬ್ರಿಟಿಷರಿಗೂ ಅಲ್ಲಿಗೆ ರೈಲು ಬೇಕಾಗಿತ್ತು. ದಿವಾನ ಮೊದಲನೆಯ ಸಾಲಾರ್ ಜಂಗರ ಕಾಲದಲ್ಲಿ, ನಿಜಾಮ್ ಸಂಸ್ಥಾನದ ಖರ್ಚಿನಲ್ಲಿ, ಜಿ.ಐ.ಪಿ. ಹಳಿಯಿಂದ ಒಂದು ಕವಲು ತೆಗೆಯಲಾಯಿತು. 1874ರ ಅಕ್ಟೋಬರಿನಲ್ಲಿ ವಾಡಿ–ಸಿಕಂದರಾಬಾದ್ ಮಾರ್ಗ ತೆರೆಯಿತು. ಕವಲು ಹೊರಟ ಜಾಗವೇ ವಾಡಿ ಜಂಕ್ಷನ್. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಹೆಸರು ಹೊತ್ತ 'ಮಳಖೇಡ ರೋಡ್' ಎಂಬ ಸಣ್ಣ ನಿಲ್ದಾಣ ಈ ಕವಲಿನಲ್ಲೇ ಇದೆ.

ಹಳಿ ಹಾಸಿದ ಹಣ ಎಲ್ಲಿಂದ ಬಂತು ಎಂಬುದೂ ತಿಳಿಯಬೇಕಾದ ಸಂಗತಿ. 1880ರ ದಶಕದಲ್ಲಿ ಈ ಮಾರ್ಗವನ್ನು ವಹಿಸಿಕೊಂಡು ಮುಂದಕ್ಕೆ ಬೆಳೆಸಲು 'ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ' ಎಂಬ ಕಂಪನಿ ಲಂಡನ್ನಿನಲ್ಲಿ ಹುಟ್ಟಿತು. 'ಗ್ಯಾರಂಟೀಡ್' ಎಂದರೆ ಬಂಡಿ ಲಾಭದಲ್ಲಿ ಓಡಲಿ ನಷ್ಟದಲ್ಲಿ ಓಡಲಿ, ಷೇರುದಾರರಿಗೆ ನಿಗದಿಯಾದ ಬಡ್ಡಿ ಸಿಗುತ್ತದೆ ಎಂಬ ಭರವಸೆ. ಕೊರತೆ ಬಿದ್ದರೆ ತುಂಬಿಕೊಡಬೇಕಾದದ್ದು ಸಂಸ್ಥಾನದ ಬೊಕ್ಕಸ, ಅಂದರೆ ಕಂದಾಯ ಕಟ್ಟುವ ರೈತ. 1883ರಲ್ಲಿ ಈ ಯೋಜನೆಯ ವಿವರಗಳನ್ನು ಜನರ ಮುಂದಿಡಬೇಕೆಂದು ಹೈದರಾಬಾದಿನಲ್ಲಿ ಚಳವಳಿಯೇ ನಡೆಯಿತು. ಅದರಲ್ಲಿ ಮುಂದಾಗಿದ್ದ ಅಘೋರನಾಥ ಚಟ್ಟೋಪಾಧ್ಯಾಯರನ್ನು, ಸರೋಜಿನಿ ನಾಯ್ಡು ಅವರ ತಂದೆಯನ್ನು, ಸಂಸ್ಥಾನದಿಂದ ಗಡೀಪಾರು ಮಾಡಲಾಯಿತು. ಚಳವಳಿ ಅಡಗಿತು, ಹಳಿ ಮುಂದುವರಿಯಿತು. 1889ರಲ್ಲಿ ಅದು ಬೆಜವಾಡಾ ತಲುಪಿತು. 1930ರಲ್ಲಿ ನಿಜಾಮ್ ಸರ್ಕಾರವೇ ರೈಲ್ವೆಯನ್ನು ತನ್ನ ವಶಕ್ಕೆ ಪಡೆಯಿತು.

ಜಂಕ್ಷನ್ ಮಾಡುವ ಕೆಲಸ

ಜಂಕ್ಷನ್ ಎಂದರೆ ಬರಿಯ ನಿಲ್ದಾಣವಲ್ಲ. ಉಗಿ ಎಂಜಿನ್ನುಗಳ ಕಾಲದಲ್ಲಿ ಬಂಡಿ ಅಲ್ಲಿ ನೀರು ಕುಡಿಯುತ್ತಿತ್ತು, ಕಲ್ಲಿದ್ದಲು ತುಂಬಿಕೊಳ್ಳುತ್ತಿತ್ತು. ಡ್ರೈವರು, ಫೈರ್‌ಮನ್, ಗಾರ್ಡು ಪಾಳಿ ಬದಲಿಸುತ್ತಿದ್ದರು. ಮುಂಬೈ ಕಡೆಯಿಂದ ಬಂದ ಸಾಮಾನಿನ ವ್ಯಾಗನ್ನುಗಳಲ್ಲಿ ಹೈದರಾಬಾದಿನವು ಯಾವುವು, ರಾಯಚೂರಿನವು ಯಾವುವು ಎಂದು ಬೇರ್ಪಡಿಸಿ ಹೊಸ ಬಂಡಿ ಕಟ್ಟಬೇಕಾಗಿತ್ತು. ನಿಜಾಮರ ಕವಲೂ ಬ್ರಾಡ್‌ಗೇಜೇ ಆಗಿದ್ದರಿಂದ ಮೂಟೆಗಳನ್ನು ಇಳಿಸಿ ಏರಿಸುವ ಗೋಜಿರಲಿಲ್ಲ. ಹೈದರಾಬಾದಿನಿಂದ ಬಂದು ರಾಯಚೂರಿಗೆ ಹೊರಳುವ ಬಂಡಿಗೆ ಮಾತ್ರ ಎಂಜಿನ್ನನ್ನು ಬಿಚ್ಚಿ ಇನ್ನೊಂದು ತುದಿಗೆ ಕಟ್ಟಬೇಕಾಗುತ್ತಿತ್ತು. ಮುಂದೆ ಬೈಪಾಸ್ ಹಳಿ ಬಂದು ಆ ತೊಡಕು ತಪ್ಪಿತು. ಇಷ್ಟೆಲ್ಲ ಕೆಲಸಕ್ಕೆ ಜನ ಬೇಕು, ಜನಕ್ಕೆ ಮನೆ ಬೇಕು, ಸಂತೆ ಬೇಕು. ಕನ್ನಡ, ಉರ್ದು, ಮರಾಠಿ, ತೆಲುಗು ಒಂದೇ ಪ್ಲಾಟ್‌ಫಾರಂ ಮೇಲೆ ಕೇಳಿಬರುವ ಊರು ವಾಡಿಯಾದದ್ದು ಹೀಗೆ.

ನೆಲದೊಳಗಿನ ಕಲ್ಲೂ ಊರಿನ ನೆರವಿಗೆ ಬಂತು. ಮನೆಮನೆಯ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಈ ಸೀಮೆಯದೇ. ಅದೇ ಸುಣ್ಣಕಲ್ಲು ಸಿಮೆಂಟಿಗೂ ಮೂಲ. ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ 1920ರ ದಶಕದಲ್ಲೇ ಬಂತು. ವಾಡಿಯಲ್ಲಿ ಎ.ಸಿ.ಸಿ. ಕಾರ್ಖಾನೆ 1968ರಲ್ಲಿ ಆರಂಭವಾಯಿತು. ಸಿಮೆಂಟಿಗೆ ಹೊರಗಿನಿಂದ ಕಲ್ಲಿದ್ದಲು ಬರಬೇಕು, ತಯಾರಾದ ಮಾಲು ಹೊರಗೆ ಹೋಗಬೇಕು. ಎರಡೂ ಭಾರದ ಸರಕು. ಕಲ್ಲಿನ ಜತೆಗೆ ಹಳಿಯೂ ಇದ್ದುದರಿಂದಲೇ ಇಲ್ಲಿ ಕಾರ್ಖಾನೆ ನೆಲೆಯೂರಿತು. ಕಲಬುರಗಿಯಲ್ಲಿ 1880ರ ದಶಕದಲ್ಲಿ ಮೆಹಬೂಬ್ ಶಾಹಿ ಬಟ್ಟೆ ಗಿರಣಿ ಬಂದದ್ದೂ ರೈಲು ಬಂದ ಮೇಲೆಯೇ.

ಹಳಿಯ ಪಕ್ಕದವರು

ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಬೆಳೆಗೆ ಕೊರತೆಯಿಲ್ಲ. ಇದು ತೊಗರಿಯ ಕಣಜ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಆದರೆ ರಾಶಿ ಮಾಡಿದ ಕಾಳು ಹಳಿ ಇರುವ ಊರಿನ ಅಡತಿ ಅಂಗಡಿಗೆ ಹೋಗಬೇಕು. ಬೇಳೆ ಮಾಡುವ ದಾಲ್ ಮಿಲ್ಲುಗಳು ಸಾಲುಗಟ್ಟಿದ್ದೂ ರೈಲು ಮುಟ್ಟುವ ಕಲಬುರಗಿಯಲ್ಲೇ. ಬೆಳೆದದ್ದು ಒಂದೂರು, ಬೇಳೆಯಾದದ್ದು ಇನ್ನೊಂದೂರು. ಬರ ಬಿದ್ದ ವರ್ಷ ಇದೇ ದಾರಿಯಲ್ಲಿ ಜನರೂ ಹೋಗುತ್ತಾರೆ. ಮುಂಬೈ, ಪುಣೆ, ಹೈದರಾಬಾದುಗಳ ಕಟ್ಟಡದ ಕೆಲಸಕ್ಕೆ ಗಂಟುಮೂಟೆ ಕಟ್ಟಿಕೊಂಡು ರೈಲು ಹತ್ತುವವರಲ್ಲಿ ಈ ತಾಲ್ಲೂಕುಗಳವರು ಬಹಳ.

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ಮಾತ್ರ ಹಳಿ ಒಂದು ಬಾಗಿಲು ತೆರೆಯಿತು. ಭೀಮಾ–ಅಮರ್ಜಾ ಸಂಗಮದ ಈ ದತ್ತ ಕ್ಷೇತ್ರಕ್ಕೆ ಮಹಾರಾಷ್ಟ್ರದ ಭಕ್ತರು ಗಾಣಗಾಪುರ ರೋಡ್ ನಿಲ್ದಾಣದಲ್ಲಿ ಇಳಿದು ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರು ಕ್ರಮಿಸುತ್ತಾರೆ. ಇದೇ ಗಾಣಗಾಪುರ ನಿಲ್ದಾಣದಲ್ಲಿ 1948ರ ಮೇ 22ರಂದು ರಜಾಕಾರರು ರೈಲು ಪ್ರಯಾಣಿಕರ ಮೇಲೆ ದಾಳಿ ನಡೆಸಿದರು. ಸುದ್ದಿ ದೇಶವನ್ನೇ ಕಲಕಿತು. ನಾಲ್ಕು ತಿಂಗಳೊಳಗೆ, ಸೆಪ್ಟೆಂಬರಿನಲ್ಲಿ, ಪೊಲೀಸ್ ಕಾರ್ಯಾಚರಣೆ ನಡೆದು ಹೈದರಾಬಾದ್ ಭಾರತ ಒಕ್ಕೂಟಕ್ಕೆ ಸೇರಿತು.

ರಾಜ್ಯ ಬದಲಾಯಿತು, ಹಳಿ ಬದಲಾಗಲಿಲ್ಲ

1950ರಲ್ಲಿ ನಿಜಾಮರ ರೈಲ್ವೆ ಕೇಂದ್ರ ಸರ್ಕಾರದ್ದಾಯಿತು. 1956ರ ನವೆಂಬರ್ 1ರಂದು ಈ ಜಿಲ್ಲೆ ಕನ್ನಡಿಗರ ರಾಜ್ಯಕ್ಕೆ ಸೇರಿತು. ಆದರೆ ಹಳಿಗಳು ಹಾಸಿದಲ್ಲೇ ಇದ್ದವು: ಒಂದು ಮುಂಬೈಗೆ, ಒಂದು ಹೈದರಾಬಾದಿಗೆ, ಒಂದು ಮದರಾಸಿಗೆ. ತನ್ನ ರಾಜ್ಯದ ರಾಜಧಾನಿಗೆ ಹೊರಟ ಕಲಬುರಗಿಯ ಪ್ರಯಾಣಿಕ ರಾಯಚೂರು ದಾಟಿ ಆಂಧ್ರದ ಗುಂತಕಲ್ಲಿನ ಕಡೆ ಹೋಗಿ ಮತ್ತೆ ಕರ್ನಾಟಕಕ್ಕೆ ಬರಬೇಕು. 2024ರ ಮಾರ್ಚಿನಲ್ಲಿ ಆರಂಭವಾದ ಕಲಬುರಗಿ–ಬೆಂಗಳೂರು ವಂದೇ ಭಾರತ್ ಹಿಡಿದದ್ದೂ ಈ ಹಳೆಯ ದಾರಿಯನ್ನೇ. ಆಡಳಿತದಲ್ಲೂ ಇದೇ ಕಥೆ. 1977ರಲ್ಲಿ ಸೊಲ್ಲಾಪುರ ವಿಭಾಗ ಮಧ್ಯ ರೈಲ್ವೆಗೆ ಸೇರಿದಾಗ ಕಲಬುರಗಿಯೂ ಅದರ ಜತೆ ಹೋಯಿತು. ಹೈದರಾಬಾದಿನ ಕವಲು ದಕ್ಷಿಣ ಮಧ್ಯ ರೈಲ್ವೆಯಲ್ಲೇ ಉಳಿಯಿತು.

ಬದಲಾವಣೆ ಆಗಿಲ್ಲವೆಂದಲ್ಲ. 2017ರ ಅಕ್ಟೋಬರ್ 29ರಂದು ಬೀದರ–ಕಲಬುರಗಿ ಮಾರ್ಗ ಉದ್ಘಾಟನೆಯಾಯಿತು. ಸುಮಾರು 250 ಕಿಲೋಮೀಟರಿನ ಗದಗ–ವಾಡಿ ಮಾರ್ಗಕ್ಕೆ 2013–14ರಲ್ಲಿ ಮಂಜೂರಾತಿ ದೊರೆಯಿತು. ಗದಗ ಕಡೆಯ ಕೆಲಸ ಮುಂದೆ ಸಾಗಿ 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಮೊದಲ ರೈಲು ಬಂತು. ಲಿಂಗಸುಗೂರು, ಸುರಪುರ, ಶಹಾಪುರಗಳ ಮೂಲಕ ಅದು ವಾಡಿ ಮುಟ್ಟಿದ ದಿನ, ಹೊರನಾಡುಗಳತ್ತಲೇ ಮುಖ ಮಾಡಿದ್ದ ಈ ಜಂಕ್ಷನ್ನಿಗೆ ಕನ್ನಡನಾಡಿನ ಒಡಲಿಗೆ ಹೋಗುವ ಕವಲೊಂದು ಸಿಕ್ಕಂತಾಗುತ್ತದೆ.

ಹಾಗಾದರೂ ಆಳಂದ, ಅಫಜಲಪುರ, ಜೇವರ್ಗಿ ಪಟ್ಟಣಗಳು ಈ ಎರಡು ಹೊಸ ಮಾರ್ಗಗಳಿಗೂ ಹೊರಗೇ ಉಳಿಯುತ್ತವೆ. 1871ರಲ್ಲಿ ಹಳಿಯ ದಾರಿ ಆರಿಸಿದವರು ಕಂಪನಿಯವರು. ಅವರ ಲೆಕ್ಕದಲ್ಲಿ ಇದ್ದದ್ದು ಬಂದರು, ದಂಡು, ಬಡ್ಡಿ. ಇಂದು ಆರಿಸಬೇಕಾದವರು ನಮ್ಮವರೇ. ತೊಗರಿ ಬೆಳೆಯುವವನೂ ಗಂಟು ಹೊತ್ತು ದುಡಿಯಲು ಹೊರಟವನೂ ಅವರ ಲೆಕ್ಕದಲ್ಲಿ ಇದ್ದಾರೆಯೇ ಎಂದು ಈ ಮೂರು ತಾಲ್ಲೂಕುಗಳ ಜನ ಕೇಳಿದರೆ ಅದು ಹೆಚ್ಚಿನ ಮಾತೇನಲ್ಲ.