ಘಟ್ಟದ ಮಳೆಯೂ ಬಯಲಿನ ಮಳೆಯೂ

ಹಳೇಕೋಟೆಯ ಕಡೆಯ ಒಕ್ಕಲುಮಕ್ಕಳು ಎರಡು ಆಕಾಶಗಳನ್ನು ನೋಡಬೇಕಾಗಿರುವದು. ಒಂದು, ರಾಗಿಯ ಹೊಲಕ್ಕೆ ಮಳೆ ಕೊಡತಕ್ಕ ತಮ್ಮ ತಲೆಯ ಮೇಲಿನ ಆಕಾಶ. ಮತ್ತೊಂದು, ಹೇಮಾವತಿಯನ್ನು ತುಂಬಿಸತಕ್ಕ ಪಡುವಣ ಘಟ್ಟದ ಆಕಾಶ. ಈ ಹೊಳೆಯು ಮೂಡಿಗೆರೆ ಸೀಮೆಯಲ್ಲಿ ಬಲ್ಲಾಳರಾಯನ ದುರ್ಗದ ಬಳಿ ಹುಟ್ಟಿ, ಸಕಲೇಶಪುರವನ್ನು ಹಾದು, ೧೯೭೯ರಲ್ಲಿ ಮುಗಿದ ಗೊರೂರಿನ ಅಣೆಕಟ್ಟಿನಲ್ಲಿ ತಂಗಿ, ಬಳಿಕ ಹೊಳೆನರಸೀಪುರಕ್ಕೆ ಬರುವದು.

ಹೊಳೆನರಸೀಪುರದಲ್ಲಿ ವರ್ಷಕ್ಕೆ ಸುಮಾರು ೭೦೦ ಮಿಲಿಮೀಟರ್ ಮಳೆಯಾದರೆ, ಸುಮಾರು ೭೦ ಕಿಲೋಮೀಟರ್ ದೂರದ ಸಕಲೇಶಪುರದಲ್ಲಿ ೨೦೦೦ವನ್ನು ಮೀರುವದು. ಅರಬ್ಬೀ ಸಮುದ್ರದ ಗಾಳಿಯು ಘಟ್ಟವನ್ನು ಏರುತ್ತಾ ತಣ್ಣಗಾಗಿ ತನ್ನ ನೀರನ್ನು ಅಲ್ಲಿಯೇ ಸುರಿಸಿ, ನಮ್ಮ ಕಡೆಗೆ ಇಳಿಯುವಾಗ ಬಹುಮಟ್ಟಿಗೆ ಬರಿದಾಗಿರುತ್ತದೆ. ಕಾಲವೂ ಬೇರೆ. ಘಟ್ಟದಲ್ಲಿ ಜುಲೈ ತಿಂಗಳು ಮಳೆಯ ಉಚ್ಛ್ರಾಯ ಕಾಲ. ನಮ್ಮಲ್ಲಿ ಹೆಚ್ಚಿನ ಮಳೆ ಮೇ ತಿಂಗಳಲ್ಲಿಯೂ, ಮತ್ತೆ ಸೆಪ್ಟೆಂಬರ್ ಅಕ್ಟೋಬರ್‌ಗಳಲ್ಲಿಯೂ ಬೀಳುವದು.

ಮಲೆಸೀಮೆಯಲ್ಲಿ ಋತುವಿನ ಗುರುತುಗಳನ್ನು ಪಂಚಾಂಗವಿಲ್ಲದೆಯೇ ಓದಬಹುದು. ಕಾಫಿಯ ಮೊಗ್ಗುಗಳು ಬೇಸಗೆಯಲ್ಲಿ ನಿದ್ರಿಸುತ್ತಿದ್ದು, ಸುಮಾರು ೨೫ ಮಿಲಿಮೀಟರ್ ಹೂಮಳೆ ಬಿದ್ದ ಎಂಟು ಹತ್ತು ದಿನಗಳೊಳಗೆ ಒಮ್ಮೆಲೇ ಅರಳುವವು. ಮಳೆ ಸಾಲದೆ ಹೋದರೆ ಮೊಗ್ಗು ಕೆಡುವದು. ಅರಳಿದ ದಿನವೇ ಜೋರಾಗಿ ಸುರಿದರೆ ಕಾಯಿ ಕಟ್ಟುವದು ಕಡಿಮೆಯಾಗುವದು. ಒಂದು ಕುಟುಂಬದ ವರ್ಷದ ಅನ್ನವು ಈ ಕೆಲವೇ ದಿನಗಳಲ್ಲಿ ಅಡಗಿರುವದು. ಮುಂಗಾರಿನ ಮುಂಚೆ ಮಿಂಚುಹುಳಗಳೂ, ಮೊದಲ ಮಳೆ ನೆಲಕ್ಕಿಳಿದ ಮೇಲೆ ರೆಕ್ಕೆಯ ಗೆದ್ದಲುಗಳೂ ಕಾಣಿಸಿಕೊಳ್ಳುವವು. ಮಳೆಗಾಲದ ತೊರೆಗಳ ಬಳಿ ಸರಳೆ ಸಿಳ್ಳಾರನೆಂಬ ಕಪ್ಪು ನೀಲಿಯ ಹಕ್ಕಿಯು ಮನುಷ್ಯರಂತೆಯೇ ಸಿಳ್ಳು ಹಾಕುವದು. ಇಂಗ್ಲಿಷಿನವರು ಇದಕ್ಕೆ ಸಿಳ್ಳು ಹಾಕುವ ಶಾಲಾ ಹುಡುಗನೆಂದು ಹೆಸರಿಟ್ಟರು. ಹುಡುಗಿಯರ ಶಾಲೆಯವರಾದ ನಾವು ಆ ಹೆಸರಿಗೆ ಆಕ್ಷೇಪಿಸುವದಿಲ್ಲ. ಗೌರಿಹಬ್ಬದ ಹೊತ್ತಿಗೆ ಬೇಲಿಗಳಲ್ಲಿ ಕೆಂಪು ಹಳದಿಯ ಗೌರಿಹೂವು ಅರಳುವದು. ಸೆಪ್ಟೆಂಬರಿನಲ್ಲಿ ಬೂದು ಕುಂಡೆಕುಸ್ಕವು ಉತ್ತರದಿಂದ ಬಂದು ತೊರೆಯ ಕಲ್ಲುಗಳ ಮೇಲೆ ಬಾಲ ಕುಣಿಸುವದು.

ಹಿರಿಯರು ರೋಹಿಣಿ, ಮೃಗಶಿರ, ಆರಿದ್ರವೆಂದು ಮಳೆಗಳನ್ನು ಎಣಿಸುವದುಂಟು. ಸೂರ್ಯನು ಯಾವ ನಕ್ಷತ್ರದಲ್ಲಿರುವನೋ ಆ ಮಳೆ. ಒಂದೊಂದು ಸುಮಾರು ಹದಿನಾಲ್ಕು ದಿನ. ಈ ಲೆಕ್ಕವನ್ನು ನಾನು ಬಹಳವಾಗಿ ಗೌರವಿಸುತ್ತೇನೆ. ಆದರೂ ನಕ್ಷತ್ರದ ವರ್ಷವು ಋತುಗಳ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಹೆಚ್ಚಾಗಿರುವದರಿಂದ, ಸುಮಾರು ೭೨ ವರ್ಷಗಳಿಗೆ ಒಂದು ದಿನದಂತೆ ಎರಡೂ ಸರಿದು ಹೋಗುವವು. ಈಗ ಜೂನ್ ೮ರ ಸುಮಾರಿಗೆ ಹುಟ್ಟುವ ಮೃಗಶಿರ ಮಳೆಯು ಸಾವಿರದೈನೂರು ವರ್ಷಗಳ ಹಿಂದೆ ಋತುಮಾನದಲ್ಲಿ ಮೂರು ವಾರ ಮುಂಚೆಯೇ ಹುಟ್ಟುತ್ತಿತ್ತು.

“ಮಳೆ ಮೊದಲಿನಂತಿಲ್ಲ” ಎಂಬ ಮಾತನ್ನು ಈಗ ಎಲ್ಲ ಮನೆಗಳಲ್ಲಿಯೂ ಕೇಳುತ್ತೇವೆ. ೨೦೧೮ರ ಆಗಸ್ಟಿನಲ್ಲಿ ಘಟ್ಟದ ಗುಡ್ಡಗಳು ಕುಸಿದು ಸಕಲೇಶಪುರ ಸುಬ್ರಹ್ಮಣ್ಯಗಳ ನಡುವಿನ ರೈಲುದಾರಿ ಮುಚ್ಚಿಹೋದದ್ದನ್ನು ಯಾರೂ ಮರೆತಿಲ್ಲ. ಆದರೆ ನೆನಪು ದೊಡ್ಡ ಮಳೆಯನ್ನು ಮಾತ್ರ ಇಟ್ಟುಕೊಳ್ಳುವದು. ಸಣ್ಣ ಮಳೆ ಯಾವಾಗ ತಪ್ಪಿತು, ಹೊಂಗೆ ಯಾವ ವಾರ ಚಿಗುರಿತು ಎಂಬದನ್ನು ಬಿಟ್ಟುಬಿಡುವದು. ಆದಕಾರಣ ಬರೆದಿಡಬೇಕು. ೨೦೧೦ರಲ್ಲಿ ಆರಂಭವಾದ ‘ಸೀಸನ್‌ವಾಚ್’ ಎಂಬ ಕಾರ್ಯದಲ್ಲಿ ದೇಶದ ಅನೇಕ ಶಾಲೆಗಳ ಮಕ್ಕಳು, ತಾವು ಆರಿಸಿಕೊಂಡ ಒಂದೇ ಮರದ ಎಲೆ, ಹೂ, ಕಾಯಿಗಳನ್ನು ವಾರವಾರವೂ ನೋಡಿ ಬರೆಯುತ್ತಾರೆ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಘಟ್ಟದ ಸೀಮೆಗೆ ಮದುವೆಯಾಗಿ ಹೋಗಿರುವರು, ಅನೇಕರು ಬಯಲಿನಲ್ಲಿಯೇ ಉಳಿದಿರುವರು. ಎರಡೂ ಕಡೆ ಪುಸ್ತಕಗಳಿದ್ದರೆ ಹೇಮಾವತಿಯ ಎರಡು ಆಕಾಶಗಳನ್ನೂ ಹೋಲಿಸಿ ನೋಡಬಹುದು. ಬಾಯಿಯೂ ತಳವೂ ಒಂದೇ ಅಗಲವಿರುವ ಗಾಜಿನ ಪಾತ್ರೆಯನ್ನು ಮರ ಮತ್ತು ಸೂರಿನಿಂದ ದೂರ ಬಯಲಿನಲ್ಲಿಟ್ಟು, ಬೆಳಿಗ್ಗೆ ೮-೩೦ಕ್ಕೆ ಅಳತೆಪಟ್ಟಿಯಿಂದ ನೀರಿನ ಎತ್ತರವನ್ನು ನೋಡಿದರೆ ಸಾಕು. ಹವಾಮಾನ ಇಲಾಖೆಯವರು ಅಳೆಯುವ ಹೊತ್ತೂ ಅದೇ. ೨೫ ಮಿಲಿಮೀಟರ್ ಎಂದರೆ ಒಂದು ಎಕರೆಗೆ ಸುಮಾರು ಒಂದು ಲಕ್ಷ ಲೀಟರ್ ನೀರು. ಮಳೆಯಿಲ್ಲದ ದಿನ ಸೊನ್ನೆಯನ್ನು ತಪ್ಪದೆ ಬರೆಯಿರಿ. ಯಾಕಂದರೆ ಖಾಲಿ ಬಿಟ್ಟ ಜಾಗವು, ಮಳೆ ಬರಲಿಲ್ಲವೋ ಬರೆಯುವವಳು ಮರೆತಳೋ ಎಂಬದನ್ನು ತಿಳಿಸಲಾರದು.