ಕೆರೆ ತುಂಬಿದರೆ ಬಾವಿಗೂ ನೀರು

ಮಕ್ಕಳೇ, ಕೆ.ಜಿ.ಎಫ್‌.ನಲ್ಲಿ ಚಿನ್ನಕ್ಕಾಗಿ 3 ಕಿಲೋಮೀಟರಿಗಿಂತ ಆಳಕ್ಕೆ ಗಣಿ ತೋಡಿದ್ದರು. ಆದರೆ ಅಲ್ಲಿನ ಜನರಿಗೆ ಕುಡಿಯುವ ನೀರು ಬಂದದ್ದು ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ! 2001ರಲ್ಲಿ ಗಣಿ ಮುಚ್ಚಿತು. ನೀರಿನ ಚಿಂತೆ ಉಳಿಯಿತು.

ಏಕೆ ಗೊತ್ತೇ? ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನೆಲದಡಿ ಗಟ್ಟಿ ಬಂಡೆ. ಅದರ ಮೇಲಿನ ಸವೆದ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಆಳಕ್ಕೆ ಹೋದಂತೆ ಬಿರುಕುಗಳು ಕಡಿಮೆ. ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರಬಹುದು. ಅದನ್ನು ಬಹುಕಾಲ ಕುಡಿದರೆ ಹಲ್ಲು, ಮೂಳೆ ಕೆಡುತ್ತವೆ.

ಹಿರಿಯರು ಕಂಡ ಉಪಾಯ ಸರಪಣಿ ಕೆರೆ. ಮೇಲಿನ ಕೆರೆ ಕೋಡಿ ಹರಿದರೆ ನೀರು ಕೆಳಗಿನ ಕೆರೆಗೆ. ನಿಂತ ನೀರು ಇಂಗಿ ಸುತ್ತಲಿನ ಬಾವಿಗಳನ್ನು ಸೇರುತ್ತದೆ. ರಾಗಿ ಹೊಲದಲ್ಲಿ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುವುದೂ ಉಪಾಯವೇ. ಮಳೆ ಕೈಕೊಟ್ಟು ಒಂದು ಬೆಳೆ ಹೋದರೆ ಇನ್ನೊಂದು ಉಳಿಯಬಹುದು.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರೂ ನಮ್ಮ ಕೆರೆಗಳಿಗೆ ಬರುತ್ತಿದೆ. ಇದು ಅಂತರ್ಜಲ ಹೆಚ್ಚಿಸಲು. ನೇರವಾಗಿ ಕುಡಿಯಲು ಅಲ್ಲ.

ಮಾಡಿ ನೋಡಿ: ಮಳೆ ಬಂದ ಮರುದಿನ ಶಿಕ್ಷಕರೊಂದಿಗೆ ನಿಮ್ಮೂರ ಕೆರೆಯ ಕಾಲುವೆ ನೋಡಿ. ಹೂಳು, ಕಸ ಎಲ್ಲಿ ನೀರನ್ನು ತಡೆದಿವೆ? ನಕ್ಷೆ ಬರೆದು ಮಕ್ಕಳ ಗ್ರಾಮಸಭೆಯಲ್ಲಿ ತೋರಿಸಿ.