ಕಾವೇರಿಗೆ ಬಂದ ಬೇನೆ

ನಮ್ಮ ಕಡೆ ಒಂದು ಮಾತು ಇದೆ. ಯಾರಾದರೂ ಸ್ವಲ್ಪ ಹೆಚ್ಚು ಕಮ್ಮಿ ಮಾತಾಡಿದರೆ "ಇಕಿನ್ನ ಧಾರವಾಡಕ್ಕ ಕಳಸಬೇಕು ನೋಡ್ರಿ" ಅಂತ ನಗುತ್ತೇವೆ. ಧಾರವಾಡದಲ್ಲಿ ಮನಸ್ಸಿನ ಬೇನೆಯ ದೊಡ್ಡ ದವಾಖಾನೆ ಇದೆ. ಅದು ಬ್ರಿಟಿಷರ ಕಾಲದ್ದು. ಈಗ ಅದಕ್ಕೆ ಡಿಮ್ಹಾನ್ಸ್ ಎಂದು ಹೆಸರು. ಬಾಗಲಕೋಟೆ, ಬೆಳಗಾವಿ, ವಿಜಯಪುರ, ಗದಗ, ಎಲ್ಲ ಕಡೆಯ ಜನ ಅಲ್ಲಿಗೆ ಹೋಗುತ್ತಾರೆ. ಆದರೆ ಗುಟ್ಟಾಗಿ ಹೋಗುತ್ತಾರೆ. ಯಾರಾದರೂ ಕೇಳಿದರೆ "ಟೊಂಕ ನೋವಿಗೆ ತೋರಸಾಕ ಹೋಗಿದ್ವಿ" ಎನ್ನುತ್ತಾರೆ.

ಯಾಕೆ ಈ ಗುಟ್ಟು? ನಮ್ಮ ನಗುವಿಗೆ ಹೆದರಿ.

ಈ ನಗು ಏನು ಮಾಡುತ್ತದೆ ಎಂದು ಕನ್ನಡದ ಒಬ್ಬ ಹೆಣ್ಣುಮಗಳು ಬಹಳ ಹಿಂದೆಯೇ ಬರೆದಿದ್ದಾರೆ. ಅವರ ಹೆಸರು ತ್ರಿವೇಣಿ. ನಿಜವಾದ ಹೆಸರು ಅನಸೂಯ ಶಂಕರ್. ಮೈಸೂರಿನವರು. 1928ರಲ್ಲಿ ಹುಟ್ಟಿದರು. ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದರು. ಮನಶ್ಶಾಸ್ತ್ರ ಅಂದರೆ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಸುವ ವಿದ್ಯೆ. ಅವರು ಬರೆದ ಕಾದಂಬರಿಗಳನ್ನು ಹೆಂಗಸರು ಒಬ್ಬರಿಂದ ಒಬ್ಬರು ಇಸಿದುಕೊಂಡು ಓದುತ್ತಿದ್ದರು.

ಅವುಗಳಲ್ಲಿ ಒಂದು 'ಶರಪಂಜರ'. ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು. ಕಲ್ಪನಾ ಅದರಲ್ಲಿ ನಟಿಸಿದರು. ನಿಮ್ಮಲ್ಲಿ ಹಿರಿಯರು ನೋಡಿರಬಹುದು.

ಕಥೆ ಹೀಗಿದೆ. ಕಾವೇರಿ ಓದಿದ ಹೆಣ್ಣುಮಗಳು. ಗಂಡನ ಹೆಸರು ಸತೀಶ. ಒಳ್ಳೆಯ ಸಂಸಾರ. ಎರಡನೇ ಹೆರಿಗೆ ಆದ ಮೇಲೆ ಕಾವೇರಿಯ ಮನಸ್ಸು ಕೆಡುತ್ತದೆ. ದವಾಖಾನೆಗೆ ಸೇರಿಸುತ್ತಾರೆ. ಅಲ್ಲಿ ಆಕೆಗೆ ಗುಣವಾಗುತ್ತದೆ. ಮನೆಗೆ ಬರುತ್ತಾಳೆ. ಕಥೆ ಇಲ್ಲಿಗೇ ಮುಗಿಯಬೇಕಾಗಿತ್ತು. ಆದರೆ ಮುಗಿಯುವುದಿಲ್ಲ. ನಕ್ಕರೂ ಜನ ಅನುಮಾನ ಪಡುತ್ತಾರೆ. ಸಿಟ್ಟು ಮಾಡಿದರೂ ಅನುಮಾನ ಪಡುತ್ತಾರೆ. "ಹುಚ್ಚಿ" ಎಂಬ ಹೆಸರು ಬಿಡುವುದಿಲ್ಲ. ಗಂಡನ ಮನಸ್ಸೂ ಬೇರೆ ಕಡೆ ಹೋಗಿದೆ. ಗುಣವಾಗಿ ಬಂದ ಹೆಣ್ಣುಮಗಳು ಮತ್ತೆ ಕುಸಿಯುತ್ತಾಳೆ.

ಮೊದಲ ಸಲ ಕಾವೇರಿಯನ್ನು ಕೆಡವಿದ್ದು ಬೇನೆ. ಎರಡನೇ ಸಲ ಕೆಡವಿದ್ದು ಮನೆ ಮತ್ತು ಓಣಿ. ತ್ರಿವೇಣಿ ಇದನ್ನು ಬೈದು ಹೇಳಲಿಲ್ಲ, ಕಥೆ ಮಾಡಿ ಹೇಳಿದರು. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, ಅವರು ತೀರಿಕೊಂಡರು. ಆಗ ಅವರಿಗೆ 34 ವರ್ಷ. ಬಾಣಂತಿಯ ಸಂಕಟ ಬರೆದ ಬಾಯಿ ಬಾಣಂತನದಲ್ಲೇ ಹೋದರಲ್ಲ ಎಂದು ನಮಗೆ ಇವತ್ತಿಗೂ ಕರುಳು ಚುರ್ ಎನ್ನುತ್ತದೆ.

ಕಾವೇರಿಗೆ ಬಂದದ್ದು ಏನು? ನಮ್ಮ ಹಿರಿಯರು ಇದಕ್ಕೆ "ಬಾಣಂತಿ ಸನ್ನಿ" ಎನ್ನುತ್ತಾರೆ. ಕೆಲವರು "ದೆವ್ವ ಹೊಕ್ಕೈತಿ" ಎನ್ನುತ್ತಾರೆ. ಡಾಕ್ಟರರು ಏನು ಹೇಳುತ್ತಾರೆ ನೋಡೋಣ.

ಹೆರಿಗೆ ಆದ ಕೂಡಲೇ ಹೆಂಗಸಿನ ಮೈಯಲ್ಲಿ ದೊಡ್ಡ ಬದಲಾವಣೆ ಆಗುತ್ತದೆ. ರಕ್ತದಲ್ಲಿರುವ ಹಾರ್ಮೋನುಗಳು ಒಮ್ಮೆಲೆ ಇಳಿಯುತ್ತವೆ. ನಿದ್ದೆ ಇರುವುದಿಲ್ಲ. ಮೊದಲ ವಾರದಲ್ಲಿ ಸುಮ್ಮಸುಮ್ಮನೆ ಅಳು ಬರುವುದು ಬಹಳ ಜನರಿಗೆ ಇದ್ದದ್ದೇ. ಎರಡು ವಾರದೊಳಗೆ ಅದು ತಾನೇ ಹೋಗುತ್ತದೆ. ಹೋಗದಿದ್ದರೆ ಅದು ಬೇನೆ. ಅದಕ್ಕೆ ಖಿನ್ನತೆ ಎಂದು ಹೆಸರು. ಇನ್ನೊಂದು ಬೇನೆ ಇದೆ. ಅದು ಸಾವಿರ ಬಾಣಂತಿಯರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತದೆ. ರಾತ್ರಿಯೆಲ್ಲಾ ಎಚ್ಚರ. ಇಲ್ಲದ ದನಿ ಕೇಳುವುದು. "ಈ ಕೂಸು ನಂದಲ್ಲ" ಎನ್ನುವುದು. ಇದು ಕಂಡರೆ ಒಂದು ದಿನವೂ ಕಾಯಬಾರದು. ತಾಯಿಗೂ ಅಪಾಯ, ಕೂಸಿಗೂ ಅಪಾಯ. ಇಬ್ಬರನ್ನೂ ಒಂಟಿ ಬಿಡದೆ ದವಾಖಾನೆಗೆ ಕರೆದೊಯ್ಯಬೇಕು. ಜ್ವರ ಬಂದು ಬಡಬಡಿಸಿದರೂ ಅಷ್ಟೇ. ಅದು ಹೆರಿಗೆಯ ನಂಜು ಇರಬಹುದು.

ಖಿನ್ನತೆ ಬಾಣಂತಿಯರಿಗೆ ಮಾತ್ರ ಬರುವ ಬೇನೆ ಅಲ್ಲ. ಗಂಡಸರಿಗೂ ಬರುತ್ತದೆ. ಮುದುಕರಿಗೂ ಬರುತ್ತದೆ. ಹೆಂಗಸರಿಗೆ ಹೆಚ್ಚು. ಇದು ಬರೀ ದುಃಖ ಅಲ್ಲ. ಬೆಳೆ ಹೋದರೆ, ಮನೆಯಲ್ಲಿ ಸಾವಾದರೆ ದುಃಖ ಆಗುತ್ತದೆ. ದಿನ ಕಳೆದಂತೆ ಕಡಿಮೆ ಆಗುತ್ತದೆ. ಖಿನ್ನತೆ ಹಾಗಲ್ಲ. ಎರಡು ವಾರ ಕಳೆದರೂ ಮನಸ್ಸು ಏಳುವುದಿಲ್ಲ. ಊಟ ಸೇರುವುದಿಲ್ಲ. ನಸುಕಿನಲ್ಲೇ ಎಚ್ಚರ ಆಗುತ್ತದೆ. "ನಾ ಯಾಕ್ ಬದುಕಬೇಕು" ಅನ್ನಿಸುತ್ತದೆ. ನಮ್ಮ ಹೆಂಗಸರು ಮಾತ್ರ "ಮನಸ್ಸಿಗೆ ಬೇಸರ" ಎಂದು ಹೇಳುವುದು ಕಡಿಮೆ. "ಮೈ ಕೈ ನೋವು, ತಲಿ ಭಾರ, ಎದಿ ಡವಡವ" ಎನ್ನುತ್ತಾರೆ. ಸೂಜಿ ಮಾಡಿಸುತ್ತಾರೆ, ಸಲೈನ್ ಹಾಕಿಸುತ್ತಾರೆ. ರೊಕ್ಕ ಹೋಗುತ್ತದೆ, ಬೇನೆ ಉಳಿಯುತ್ತದೆ.

ಈಗ ನಾವು ಒಂದು ಮುಖ್ಯ ಮಾತಿಗೆ ಬರೋಣ. ನೀವು ಅಕ್ಷರ ಕಲಿಯಲು ಹೊರಟಾಗ ಯಾರೋ ಹೇಳಿರಬೇಕು. "ಈ ವಯಸ್ಸಿನ್ಯಾಗ ಓದಿದರ ತಲಿ ಕೆಡತೈತಿ." ಇನ್ನೂ ಕೆಲವರು ಹೇಳುತ್ತಾರೆ, "ಹಾಡೋರು, ಬರಿಯೋರು, ನಾಟಕ ಮಾಡೋರು ಎಲ್ಲಾ ಅರ್ಧ ಹುಚ್ಚರ." ಇದು ಓದಿದವರೂ ಹೇಳುವ ತಪ್ಪು ಮಾತು. ನಟಿ ಕಲ್ಪನಾ 1979ರಲ್ಲಿ ತೀರಿಕೊಂಡರು. ನಾಟಕದ ಊರೂರು ತಿರುಗಾಟದಲ್ಲಿದ್ದಾಗ, ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹತ್ತಿರ ಗೋಟೂರಿನಲ್ಲಿ. ಆಗಿನಿಂದ ಜನ ಏನೇನೋ ಕಥೆ ಕಟ್ಟಿದರು. ಹುಚ್ಚಿಯ ಪಾತ್ರ ಮಾಡಿದರೆ ಹುಚ್ಚು ಬರುವುದಿಲ್ಲ. ರೈತನ ಪಾತ್ರ ಮಾಡಿದವನಿಗೆ ಹೊಲ ಬರುತ್ತದೆಯೇ?

ತ್ರಿವೇಣಿ ಅವರು ಹುಚ್ಚಿನ ಕಥೆ ಬರೆದದ್ದು ವಿದ್ಯೆಯಿಂದ ಮತ್ತು ಅಂತಃಕರಣದಿಂದ.

ನಿಜ ಹೇಳಬೇಕೆಂದರೆ ಖಿನ್ನತೆ ಯಾರಿಗೂ ಹಾಡು ಕೊಡುವುದಿಲ್ಲ. ಇದ್ದ ಹಾಡನ್ನು ಕಸಿಯುತ್ತದೆ. ನಮ್ಮ ಕಡೆಯ ಹೆಂಗಸರನ್ನೇ ನೋಡಿರಿ. ಬೀಸುವಾಗ ಹಾಡು, ತೊಟ್ಟಿಲು ತೂಗುವಾಗ ಹಾಡು, ಸೋಬಾನೆ ಹಾಡು. ಎಷ್ಟೋ ಹಾಡು ಅವ್ವಂದಿರೇ ಕಟ್ಟಿದ್ದು. ಹಳೆಯ ಸೀರೆ, ಅಂಗಿಯ ತುಂಡು ಸೇರಿಸಿ ಕೌದಿ ಹೊಲಿಯುತ್ತಾರೆ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂದು ಯಾರೂ ಅವರಿಗೆ ಹೇಳಿಕೊಟ್ಟಿಲ್ಲ. ರಬಕವಿ, ಬನಹಟ್ಟಿಯ ಮನೆಗಳಲ್ಲಿ ಮಗ್ಗದ ಕೆಲಸಕ್ಕೆ ಕೈ ಕೊಡುವವರೂ ಹೆಂಗಸರೇ. ಇದೆಲ್ಲ ಸೃಜನಶೀಲ ಕೆಲಸ. ಸೃಜನಶೀಲ ಅಂದರೆ ಇಲ್ಲದ್ದನ್ನು ಹೊಸದಾಗಿ ಹುಟ್ಟಿಸುವುದು. ಅದಕ್ಕೆ ಬೇಕಾದದ್ದು ಹುಚ್ಚಲ್ಲ. ಹುರುಪು ಬೇಕು, ನೆನಪು ಬೇಕು. ಬೇನೆ ಬಂದಾಗ ಅವೆರಡೂ ಕುಂದುತ್ತವೆ.

ಅದಕ್ಕೇ ಒಂದು ಗುರುತು ಇಟ್ಟುಕೊಳ್ಳಿರಿ. ದಿನಾ ಗುನುಗುತ್ತಿದ್ದವಳು ಸುಮ್ಮನಾದಳೇ? ಅರ್ಧ ಹೊಲಿದ ಕೌದಿ ಮೂಲೆಯಲ್ಲಿ ಬಿದ್ದಿದೆಯೇ? ಅರಿಶಿನ ಕೀಳುವ ಸುಗ್ಗಿಯಲ್ಲಿ ಎಲ್ಲರಿಗಿಂತ ಮುಂದೆ ಇದ್ದವಳು ಈಗ ಹೊರಗೆ ಬರುತ್ತಿಲ್ಲವೇ? "ಮೈಗಳ್ಳಿ" ಎನ್ನುವ ಮೊದಲು ಹತ್ತಿರ ಕೂತು ಕೇಳಿರಿ.

"ಒಂದ್ ಹಾಡ್ ಹಾಡ, ಎಲ್ಲಾ ಹೋಗತೈತಿ" ಎಂದೂ ಹೇಳಬಾರದು. ಹಾಡಿದರೆ ಮನಸ್ಸು ಹಗುರ ಆಗುವುದು ನಿಜ. ಆದರೆ ಬೇನೆ ಹೆಚ್ಚಾದಾಗ ಹಾಡು ಬಾಯಿಗೇ ಬರುವುದಿಲ್ಲ. ಮೊದಲು ಚಿಕಿತ್ಸೆ. ಹುರುಪು ಬಂದ ಮೇಲೆ ಸೂಜಿ ದಾರ ತಾನಾಗಿ ಕೈಗೆ ಬರುತ್ತದೆ. ಸಿನಿಮಾ ನಟಿ ದೀಪಿಕಾ ಪಡುಕೋಣೆ ಬೆಂಗಳೂರಿನಲ್ಲಿ ಬೆಳೆದವರು. ತಮಗೆ ಖಿನ್ನತೆ ಬಂದಿತ್ತು, ಚಿಕಿತ್ಸೆ ಪಡೆದೆ ಎಂದು 2015ರಲ್ಲಿ ಎಲ್ಲರ ಮುಂದೆ ಹೇಳಿದರು. ಅವರ ಸಂಕಟವನ್ನು ಮೊದಲು ಗುರುತಿಸಿದ್ದು ಅವರ ತಾಯಿ. ಗುಣವಾಗಿ ಮತ್ತೆ ಎಷ್ಟೋ ಸಿನಿಮಾ ಮಾಡಿದರು. ರೊಕ್ಕ, ಹೆಸರು ಎಲ್ಲಾ ಇದ್ದವರಿಗೂ ಈ ಬೇನೆ ಬರುತ್ತದೆ ಎಂಬುದನ್ನೂ ಗಮನಿಸಿರಿ.

ದೆವ್ವ, ಮಾಟದ ಮಾತು ಸ್ವಲ್ಪ ಹೇಳಲೇಬೇಕು. ದೇವರಿಗೆ ಕಾಯಿ ಒಡೆಯಿರಿ, ನಾವು ಬೇಡ ಎನ್ನುವುದಿಲ್ಲ. ಆದರೆ ಹೊಡೆಯುವುದು, ಬರೆ ಹಾಕುವುದು, ಸರಪಳಿ ಕಟ್ಟುವುದು ಪಾಪದ ಕೆಲಸ. ತಮಿಳುನಾಡಿನ ಏರವಾಡಿಯಲ್ಲಿ ಒಂದು ದರ್ಗಾ ಇದೆ. ಮನಸ್ಸಿನ ಬೇನೆಯವರನ್ನು ಅಲ್ಲಿಗೆ ಕರೆತಂದು ಸುತ್ತಲಿನ ಖಾಸಗಿ ಆಶ್ರಮಗಳಲ್ಲಿ ಬಿಡುತ್ತಿದ್ದರು. 2001ರ ಆಗಸ್ಟ್‌ನಲ್ಲಿ ಅಂಥ ಒಂದು ಆಶ್ರಮದ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿ ಕಟ್ಟಿದ್ದರಿಂದ ಓಡಲಾಗದೆ 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಬೇನೆಯವರನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ. ಸರ್ಕಾರಿ ದವಾಖಾನೆಯಲ್ಲಿ ಚಿಕಿತ್ಸೆ ಪಡೆಯುವುದು ಅವರ ಹಕ್ಕು.

ಹಾಗಾದರೆ ಎಲ್ಲರೂ ಧಾರವಾಡಕ್ಕೇ ಹೋಗಬೇಕೇ? ಬೇಡ. 1985ರ ಹೊತ್ತಿಗೆ ಬೆಂಗಳೂರಿನ ನಿಮ್ಹಾನ್ಸ್ ಡಾಕ್ಟರರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಕೆಲಸ ಮಾಡಿ ತೋರಿಸಿದರು. ಹಳ್ಳಿಯ ದವಾಖಾನೆಯ ಡಾಕ್ಟರರಿಗೆ, ದಾದಿಯರಿಗೆ ಮನಸ್ಸಿನ ಬೇನೆ ಗುರುತಿಸಲು ಕಲಿಸಿದರು. ಗುಳಿಗೆ ಅಲ್ಲೇ ಸಿಗುವಂತೆ ಮಾಡಿದರು. ಅದನ್ನೇ ನೋಡಿ 1996ರಿಂದ ದೇಶದ ಬೇರೆ ಜಿಲ್ಲೆಗಳಲ್ಲೂ ಶುರು ಮಾಡಿದರು. ಇದು ನಮ್ಮ ರಾಜ್ಯ ದೇಶಕ್ಕೆ ಕಲಿಸಿದ ಪಾಠ. ಈಗ ತಾಲ್ಲೂಕು ದವಾಖಾನೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಾನಸಿಕ ಡಾಕ್ಟರರು ಬರುತ್ತಾರೆ. ಯಾವ ವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಫೋನಿನಲ್ಲೂ ಮಾತಾಡಬಹುದು. ನಂಬರು 14416. ಇದು ಟೆಲಿ ಮಾನಸ್. 2022ರಲ್ಲಿ ಶುರುವಾಯಿತು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಿರಿ. ಕನ್ನಡದಲ್ಲೇ ಮಾತಾಡುತ್ತಾರೆ. ರೊಕ್ಕ ಬೀಳುವುದಿಲ್ಲ. ಸಾಯುವ ಮಾತು ಯಾರ ಬಾಯಲ್ಲಾದರೂ ಬಂದರೆ "ಸುಮ್ನ ಅಂಜಸಾಕತ್ತಾಳ" ಎನ್ನಬೇಡಿರಿ. ಕೂಡಲೇ ಈ ನಂಬರು ಒತ್ತಿರಿ. ಅವರನ್ನು ಒಂಟಿ ಬಿಡಬೇಡಿರಿ. ಹೊಲಕ್ಕೆ ಹೊಡೆಯುವ ಎಣ್ಣೆ ಕೈಗೆ ಸಿಗದಂತೆ ಇಡಿರಿ.

"ಗುಳಿಗಿ ತಗೊಂಡರ ಚಟ ಆಗತೈತಿ" ಎಂದು ಹೆದರುವವರು ಬಹಳ. ಖಿನ್ನತೆಯ ಗುಳಿಗೆ ನಿದ್ದೆ ಗುಳಿಗೆ ಅಲ್ಲ. ಅದರಿಂದ ಚಟ ಆಗುವುದಿಲ್ಲ. ನಾಟಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕು ದಿನ ನುಂಗಿ "ಗುಣ ಆಗಲಿಲ್ಲ" ಎಂದು ಬಿಡಬಾರದು. ಗುಣವಾದ ಮೇಲೂ ಆರು ತಿಂಗಳಾದರೂ ನುಂಗಬೇಕು. ಬಿಡುವಾಗ ಡಾಕ್ಟರರನ್ನು ಕೇಳಿ ಮೆಲ್ಲಗೆ ಬಿಡಬೇಕು. ಕೂಸಿಗೆ ಮೊಲೆ ಕುಡಿಸುತ್ತಿದ್ದರೆ ಮೊದಲೇ ಹೇಳಿರಿ. ಕುಡಿಸುತ್ತಲೇ ನುಂಗಬಹುದಾದ ಗುಳಿಗೆಗಳಿವೆ. ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗುವಿನ ವಾರ್ಡು ಇದೆ. ಅಲ್ಲಿ ಬಾಣಂತಿಯನ್ನು ಕೂಸಿನಿಂದ ಅಗಲಿಸದೆ ಗುಣ ಮಾಡುತ್ತಾರೆ.

ಗುಣವಾಗಿ ಮನೆಗೆ ಬಂದವಳ ಹತ್ತಿರ ಹೇಗೆ ಇರಬೇಕು ಎಂದು ನಮ್ಮ ಕಲಿಕಾ ಕೇಂದ್ರದಲ್ಲಿ ಹಲವರು ಕೇಳುತ್ತಾರೆ. ಮೊದಲು ಇದ್ದ ಹಾಗೇ ಇರಿ. ಅಡುಗೆ ಮನೆ ಅವಳದು, ಕಪಾಟಿನ ಕೀಲಿ ಅವಳದು, ಕೂಸು ಅವಳದು. ಸಿಟ್ಟು ಬಂದರೆ "ಮತ್ತ ಶುರು ಆತು" ಎನ್ನಬೇಡಿರಿ. ಸಿಟ್ಟು ಎಲ್ಲರಿಗೂ ಬರುತ್ತದೆ. ಗುಳಿಗೆ ಅವಳೇ ನುಂಗಲಿ, ಮರೆತರೆ ಮೆಲ್ಲಗೆ ನೆನಪು ಮಾಡಿರಿ. ಹೆಣ್ಣು ಹುಟ್ಟಿತು ಎಂಬ ಚುಚ್ಚು ಮಾತು ಬಾಣಂತಿಯ ಕೋಣೆಗೆ ಹೋಗದಿರಲಿ. ಅದೂ ಬೇನೆಗೆ ದಾರಿ ಮಾಡುತ್ತದೆ. ರಾತ್ರಿ ಕೂಸು ಅತ್ತರೆ ಅತ್ತೆಯೋ, ಗಂಡನೋ ಒಂದು ಹೊತ್ತು ಎತ್ತಿಕೊಳ್ಳಲಿ. ಅವಳಿಗೆ ನಾಲ್ಕು ತಾಸು ಕೂಡಿ ನಿದ್ದೆ ಸಿಗಲಿ.

ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾಳೆ. 3, 7, 14, 21, 28 ಮತ್ತು 42ನೇ ದಿನ. ಕೂಸಿನ ತೂಕ ನೋಡುತ್ತಾಳೆ, ಹೊಕ್ಕುಳು ನೋಡುತ್ತಾಳೆ. ಆಗ ತಾಯಿಗೆ ನಿದ್ದೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ, ಕೂಸಿನ ಕೂಡ ಮಾತಾಡುತ್ತಿದ್ದಾಳೆಯೇ ಎಂಬುದನ್ನೂ ನೀವೇ ಬಾಯಿ ಬಿಟ್ಟು ಹೇಳಿರಿ.